ಎಡಗೈ ಕಿರುಬೆರಳು

ಹೊರಮಾವಿನಲ್ಲಿ ಏಳನೇ ಮಹಡಿ.
ತೇಗದ ಬಾಗಿಲಿಗೆ ಡ್ರಿಲ್ ಇಟ್ಟೆ,
ಹೊಂಬಣ್ಣದ ಹುಡಿ ಉದುರಿತು ಚಪ್ಪಲಿಯ ಮೇಲೆ.
ಹಳೆಯ ಬೀಗ ಕೈಗೆ ಬಂತು
ಕಿತ್ತ ದವಡೆಹಲ್ಲಿನ ಹಾಗೆ, ಇಷ್ಟಗಲ ತೂತು ಬಿಟ್ಟು.

ಹೊಸದಕ್ಕೆ ಕೀಲಿಕೈ ಇಲ್ಲ.
ಅಂಕಿ ಇದೆ, ಕಾರ್ಡು ಇದೆ,
ಬೆರಳು ನೋಡುವ ಕಪ್ಪು ಗಾಜಿನ ಕಣ್ಣಿದೆ.
ಮೇಡಂಗೆ ಹೇಳಿಕೊಟ್ಟೆ:
ಯಾರಾದರೂ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ
ಮೊದಲು ನಾಲ್ಕು ಸುಳ್ಳು ಅಂಕಿ ಒತ್ತಿ,
ಆಮೇಲೆ ನಿಜ, ಮತ್ತೆ ಒಂದೆರಡು ಸುಳ್ಳು.
ಸುಳ್ಳಿನ ಗುಂಪಲ್ಲಿ ನಿಜ ಸಾಲು ತಪ್ಪದೆ ನಿಂತಿದ್ದರೆ ಸಾಕು,
ಬಾಗಿಲು ಒಪ್ಪುತ್ತದೆ.
"ನಮ್ಮ ನೆಂಟರಿಗಿಂತ ವಾಸಿ" ಎಂದು ನಕ್ಕರು ಸುಲಕ್ಷಣಾ ಮೇಡಂ.

ಬೆರಳುಗಳು ಒಂದೊಂದಾಗಿ ಬಂದವು.
ಮೇಡಂ, ಯಜಮಾನರು, ಮದುವೆ ಗೊತ್ತಾದ ಮಗಳು,
ಆಟ ಬಿಟ್ಟು ಓಡಿಬಂದ ಹುಡುಗನ ಅಂಟು ಹೆಬ್ಬೆಟ್ಟು.
ಐದನೆಯವರು ಅಡುಗೆಯ ಚನ್ನಾಜಮ್ಮ,
ಸೆರಗಿಗೆ ಕೈ ಒರೆಸುತ್ತ.

ಹೆಬ್ಬೆಟ್ಟಿಗೆ ಕೆಂಪು ದೀಪ.
ತೋರುಬೆರಳಿಗೂ ಕೆಂಪು.
"ಅಷ್ಟು ಒತ್ತಬೇಡಿ ಅಮ್ಮ, ಅದು ರೊಟ್ಟಿ ಅಲ್ಲ."
ಮತ್ತೆ ಕೆಂಪು.
ಹುಣಸೆಹುಳಿ, ಪಾತ್ರೆ ಪುಡಿ, ಕಾದ ಬಾಣಲೆಯ ಅಂಚು,
ಇಪ್ಪತ್ತು ವರ್ಷದಲ್ಲಿ ಗೆರೆಗಳನ್ನೆಲ್ಲ ತಿಂದು ಮುಗಿಸಿದ್ದವು.
ಒಂಬತ್ತು ಬೆರಳು ಸೋತ ಮೇಲೆ
ಎಡಗೈ ಕಿರುಬೆರಳಿಗೆ
ಹಸಿರು ದೀಪ, ಒಂದು ಚೂರು ಸಂಗೀತ.
"ಇದೊಂದಕ್ಕೆ ಕೆಲಸ ಕೊಟ್ಟಿರಲಿಲ್ಲ ನೋಡಪ್ಪ" ಎಂದರು,
"ಅದಕ್ಕೇ ತನ್ನ ಹೆಸರು ಮರೆತಿಲ್ಲ."

ಅಬ್ಬಾ ನೆನಪಾದರು.
ಕಲಾಸಿಪಾಳ್ಯದ ಫುಟ್‌ಪಾತಿನಲ್ಲಿ ಕೂತು
ಅರದಿಂದ ಉಜ್ಜಿ ಉಜ್ಜಿ ಊರವರ ಬಾಗಿಲು ತೆಗೆಸಿದ ಬೆರಳು;
ರೇಷನ್ ಅಂಗಡಿಯ ಯಂತ್ರ ಮೂರು ಸಲ ಕೇಳಿತ್ತು
ನೀನು ಯಾರು ಅಂತ.

ಮೇಡಂ ಹತ್ತಿರ ಬಂದು, ದನಿ ತಗ್ಗಿಸಿ:
"ಐದನೇ ನಂಬರಿಗೆ ಟೈಮ್ ಹಾಕಿಬಿಡಿ,
ಬೆಳಿಗ್ಗೆ ಆರೂವರೆಯಿಂದ ಒಂಬತ್ತು."
ಹೂಂ ಎಂದೆ.
ಹಾಕಲಿಲ್ಲ.
ಮರೆತೆ ಅಂತಲೇ ಇಟ್ಟುಕೊಳ್ಳಿ.

ಮುಂದಿನದು ನಾನು ಕಂಡದ್ದಲ್ಲ,
ಚನ್ನಾಜಮ್ಮ ಫೋನಿನಲ್ಲಿ ಹೇಳಿದ್ದು.
ಮೆಹಂದಿಯ ಸಂಜೆ. ಫೋಟೋಗೆಂದು ಎಲ್ಲರೂ ಹೊರಗೆ ಬಂದರಂತೆ,
ಗಾಳಿಗೆ ಬಾಗಿಲು ಬಿತ್ತಂತೆ,
ಫೋನುಗಳೆಲ್ಲ ಒಳಗೆ ಚಾರ್ಜಿಗಿದ್ದವಂತೆ.
ಚಿನ್ನ ಮನೆಗೆ ಬಂತೆಂದು ರಾತ್ರಿಯೇ ಅಂಕಿ ಬದಲಿಸಿದ ಯಜಮಾನರು
ಮೆಜೆಸ್ಟಿಕ್ಕಿನಲ್ಲಿ ನೆಂಟರ ಬಸ್ಸು ಕಾಯುತ್ತಿದ್ದರಂತೆ.
ಉಳಿದವರ ಬೆರಳ ತುದಿಗೆಲ್ಲ ಹಸಿ ಮದರಂಗಿಯ ಟೊಪ್ಪಿ.
ಹುಡುಗನೂ ಹಟ ಹಿಡಿದು ಹಚ್ಚಿಸಿಕೊಂಡಿದ್ದ.
ಶರಣಾದವರ ಹಾಗೆ ಕೈ ಮೇಲೆತ್ತಿ
ತಮ್ಮದೇ ಬಾಗಿಲ ಮುಂದೆ ಹದಿಮೂರು ಜನ.

ಆಗ ಲಿಫ್ಟಿನಿಂದ ಇವರು, ಕರಿಬೇವಿನ ಕಟ್ಟು ಹಿಡಿದು.
ಇವರ ಕೈಗೆ ಯಾರೂ ಮದರಂಗಿ ಇಟ್ಟಿರಲಿಲ್ಲ.
"ದಾರಿ ಬಿಡಿ ಅಂದೆ ಕಣಪ್ಪ.
ನಿನ್ನ ಸಂಗೀತ ಬಂತು."

ಮರುದಿನ ಮೇಡಂ ಫೋನು.
"ದೇವರು ದೊಡ್ಡವನು, ಒಳ್ಳೆಯದೇ ಆಯಿತು.
ಆದರೆ ಸಂಜೆ ಐದು ಹನ್ನೆರಡಕ್ಕೆ
ಐದನೇ ನಂಬರು ಹೇಗೆ ತೆರೆಯಿತು?
ಬಂದು ನೋಡಿ ಹೋಗಿ, ಚಾರ್ಜು ಕೊಡ್ತೀನಿ."

ಹೋದೆ. ಮದರಂಗಿ ಕಡುಗೆಂಪಾಗಿತ್ತು,
ಬಾಗಿಲು ಇನ್ನೂ ಮೇಡಂ ಬೆರಳನ್ನು ಗುರುತಿಸುತ್ತಿರಲಿಲ್ಲ;
ನನ್ನಿಂದ ಮರೆಯಾಗಿ ನಿಂತು ಅಂಕಿ ಒತ್ತಿದರು,
ಸುಳ್ಳು, ನಿಜ, ಸುಳ್ಳು.
ಆರೂವರೆ. ಒಂಬತ್ತು. ಉಳಿಸು ಎಂದು ಒತ್ತಿದೆ.
ಬೀಪ್.
ಚಾರ್ಜು ಬೇಡವೆಂದೆ, ಕಾರಣ ಹೇಳಲಿಲ್ಲ.

ಚನ್ನಾಜಮ್ಮ ಕಾಫಿ ತಂದರು.
ಏನು ಮಾಡಿದೆ ಎಂದು ಕೇಳಲಿಲ್ಲ.
ಸ್ಟೀಲು ಲೋಟ ಸುಡುತ್ತಿತ್ತು,
ಉಳಿದ ಬೆರಳಲ್ಲಿ ಹಿಡಿದಿದ್ದರು,
ಕಿರುಬೆರಳೊಂದನ್ನು ಬಿಸಿಗೆ ತಾಗದಂತೆ
ದೂರ ಇಟ್ಟು.