ನೆಲ ಬಿಟ್ಟ ಕಾಲು

ಕುತಾಯಿಸಿಯಲ್ಲಿ ಬೆಳಗಿನ ನಾಲ್ಕಕ್ಕೆ
ನಮ್ಮಣ್ಣ ಮಾಮುಕ ಬಾವಿಯಂಥ ಒಲೆಯೊಳಕ್ಕೆ
ಸೊಂಟದ ತನಕ ಬಗ್ಗುತ್ತಾನೆ,
ಹಸಿ ಹಿಟ್ಟನ್ನು ಕಾದ ಗೋಡೆಗೆ ತಟ್ಟಲು.
ಆಗ ಅವನ ಕಾಲೆರಡೂ ನೆಲ ಬಿಡುತ್ತವೆ.

ಅಷ್ಟೇ, ಒಂದುಸಿರಿನಷ್ಟು.
ನಾನು ನೋಡಿದ್ದೇನೆ: ಪಾದ ನೆಟ್ಟಗೆ, ಬೆರಳು ಚೂಪು,
ಕುಣಿತದ ಮೇಷ್ಟ್ರು ಹೇಳಿಕೊಟ್ಟ ಹಾಗೆಯೇ.

ಟಿಬಿಲಿಸಿಯ ತಂಡದ ಕಾಗದ
ಉಪ್ಪಿನ ಡಬ್ಬಿಯಡಿ ಎಣ್ಣೆ ಕುಡಿಯುತ್ತಿದೆ.
ಸೋಮವಾರ ಕಡೆಯ ದಿನ. ಯಾರೂ ಮಾತೆತ್ತುವುದಿಲ್ಲ.
ಅಮ್ಮನ ಸಾರಿಗೆ ಈಚೆಗೆ ಉಪ್ಪೇ ಇಲ್ಲ.

ಅಪ್ಪನ ಬೆನ್ನು, ಮೈದಾ ಅಂಗಡಿಯ ಬಾಕಿ,
ಮತ್ತೆ ನನ್ನ ಮೂಗಿನ ಮೇಲಿನ ಈ ಹೊಸ ಕನ್ನಡಕ—
ಅದರಿಂದಲೇ ಕಂಡದ್ದು
ಅವನ ಮುಂಗೈಯ ಸುಟ್ಟ ಕೂದಲು,
ಹಿಟ್ಟು ಚೆಲ್ಲಿದ ನೆಲದಲ್ಲಿ
ಒಂದೇ ಕಾಲು ಗಿರಕಿ ಹೊಡೆದ ಗುರುತು.

ಪೊರಕೆ ತಂದವಳು
ಅದೊಂದನ್ನು ಬಿಟ್ಟು
ಸುತ್ತಲೂ ಗುಡಿಸಿದೆ.