ಸದರಿ ಮನೆ

ಬೀದರಿನ ತಹಸೀಲ ಕಚೇರಿಯೆದುರು, ಬೇವಿನ ನೆರಳಲ್ಲಿ,
ಹಗಲೆಲ್ಲ ನನ್ನ ಕೆಲಸ ಇಷ್ಟೇ:
ಒಬ್ಬರ 'ನನ್ನ' ಅಳಿಸಿ
ಇನ್ನೊಬ್ಬರ 'ನನ್ನ' ಟೈಪು ಮಾಡುವುದು.
ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ,
ದಕ್ಷಿಣಕ್ಕೆ ಮಾಣಿಕಪ್ಪನ ತೊಗರಿ ಹೊಲ,
ಉತ್ತರಕ್ಕೆ ಯಾರೋ ಸತ್ತವರ ಹೆಸರು.
ಪುಟಕ್ಕೆ ಮೂವತ್ತು ರೂಪಾಯಿ.

ಸಂಜೆ ಆರಕ್ಕೆ ಚೌಬಾರದ ಹತ್ತಿರ
ಬಿದ್ರಿ ಅಂಗಡಿಯ ಮಾಳಿಗೆಯಲ್ಲಿ
ತಸ್ನೀಮ್ ಬಾಜಿಯ ಫ್ರೆಂಚ್ ತರಗತಿ.
ಕೋಟೆ ತೋರಿಸುವ ಇಬ್ಬರು ಗೈಡು,
ಹೂಜಿಗೆ ಬೆಳ್ಳಿತಂತಿ ಕೂರಿಸುವ ಮುಜಮ್ಮಿಲ್,
ಅವನ ಉಗುರಲ್ಲಿ ಇನ್ನೂ ಕೋಟೆಯ ಮಣ್ಣು.
ಅವರಿಗೆಲ್ಲ ಕಾರಣ ಇದೆ.
"ನಿಮಗ್ಯಾಕ್ರಿ ಅಕ್ಕಾ ಇದು?"
ಮನೀಗಿ ತಡಾ ಮಾಡಿ ಹೋಗಲಿಕ್ಕ, ಎನ್ನಲಿಲ್ಲ.
ಹಿಂಗೇ, ಅಂದೆ.

ಮೋಂ, ಮಾ, ಮೇ.
ಒಂದು 'ನನ್ನ'ಗೆ ಮೂರು ಅಂಗಿ.
ನಮ್ಮಲ್ಲಿ ನನ್ನ ಹೊಲ, ನನ್ನ ಬೀಗದಕೈ, ನನ್ನ ಎಮ್ಮೆಗಳು,
ಮದುವೆಗೂ ಮಣ್ಣಿಗೂ ಉಡುವ ಒಂದೇ ಸೀರೆ.
ಅಲ್ಲಿ ಹೊಲ ಗಂಡು, ಬೀಗದಕೈ ಹೆಣ್ಣು.
ಮೋಂ ಕ್ಲೇ, ಅಂದೆ. ಕೆಂಪು ಗೀಟು.
ಮೋಂ ಮೇಜೋಂ. ಮತ್ತೊಂದು ಗೀಟು.
ಬಾಜಿ ಸೀಮೆಸುಣ್ಣ ಕೆಳಗಿಟ್ಟರು:
"ಅರೇ, ಬಜಾರದಾಗ ದಿನಾ ಆಡತೀಯಲ್ಲ,
ಮೇರಾ ಖೇತ್, ಮೇರಿ ಚಾಬಿ.
ಅದಕ್ಕ ನೀ ಗಂಡಸೋ ಹೆಂಗಸೋ ಏನ್ ಬಿದ್ದಿಲ್ಲ.
ಚಾಬಿ ಹೆಣ್ಣು, ಅಷ್ಟೇ."

ಹೌದಲ್ಲ.
ಬಳೆ ಅಂಗಡಿಯಲ್ಲಿ, ಆಟೋದಲ್ಲಿ, ದವಾಖಾನೆಯ ಪಾಳಿಯಲ್ಲಿ
ನಲವತ್ತು ವರ್ಷ ನಾಲಿಗೆಯ ಮೇಲೆಯೇ ಕೂತಿದ್ದ ವ್ಯಾಕರಣ
ಪ್ಯಾರಿಸ್ಸಿಗೆ ಒಂದು ಸುತ್ತು ಹೋಗಿ ಬಂದು
ಈಗ ತನ್ನ ಹೆಸರು ಹೇಳಿತು.

'ನಿನ್ನ' ಎಂಬುದಕ್ಕೆ ಅವರು 'ತಾ' ಅನ್ನುತ್ತಾರೆ.
ನಗು ಬಂದು ಬಾಯಿಗೆ ಸೆರಗೊತ್ತಿದೆ.
ನಿನ್ನದು ಅಂದರೂ ಅದೇ, ಕೊಡು ಅಂದರೂ ಅದೇ.
ಸೋಮವಾರ ವೈಜಿನಾಥ ಹೊಸ್ತಿಲಲ್ಲಿ ನಿಂತು
ಇದೇ ಅಂದಿದ್ದ, ಅಪ್ಪಟ ಕನ್ನಡದಲ್ಲಿ:
"ಒಂದ್ ಸಹಿ ಅಕ್ಕಾ. ತಾ."
ಆಮೇಲೆ ನಗು ಬರಲಿಲ್ಲ.

ಇನ್ನೊಂದು ಕಟ್ಟಳೆ.
ಎಕೋಲ್, ಶಾಲೆ, ಹೆಣ್ಣಾದರೂ 'ಮೋಂ ಎಕೋಲ್'.
ಸ್ವರಕ್ಕೆ ಸ್ವರ ಡಿಕ್ಕಿ ಹೊಡೆಯಬಾರದಂತೆ,
ಅದಕ್ಕೇ ಗಂಡಿನ ಅಂಗಿ ತೊಡಿಸಿ ದಾಟಿಸುವುದು.
ನನ್ನ ತಂಗಿ ಜಗದೇವಿಯೂ ಹಾಗೇ.
ಮಾತಿಗೆ ಮಾತು ತಾಗಬಾರದೆಂದು
ಹೋದ ವರ್ಷ ಸಹಿ ಹಾಕಿ, ಚಹಾ ಕುಡಿದು,
ಭಾಲ್ಕಿಯ ಬಸ್ಸು ಹತ್ತಿದಳು.

ಬುಧವಾರ ಮೂರನೆಯವರ ಪಾಠ.
ಸಾ ಮೇಜೋಂ.
ಯಾರ ಮನೆ ಬಾಜಿ, ಅವನದೋ ಅವಳದೋ?
"ಗೊತ್ತಾಗೂದಿಲ್ಲ."
ಅಂದರೆ?
"ಅಂದ್ರ ಗೊತ್ತಾಗೂದಿಲ್ಲ.
ಯಾರಿಂದು ಅಂತ ಹಿಂದಿನ ವಾಕ್ಯಕ್ಕ ಕೇಳು."

ಹಿಂದಿನ ವಾಕ್ಯ.
ಅದರಲ್ಲಿ ಅವ್ವ ಕಚ್ಚೆ ಬಿಗಿದು ಗಾರೆ ಕಲಸುತ್ತಿದ್ದಳು.
ಹತ್ತು ವರ್ಷದ ನನ್ನ ತಲೆಯ ಮೇಲೆ ಸಿಂಬಿ,
ಸಿಂಬಿಯ ಮೇಲೆ ಕೆಂಪುಕಲ್ಲು.
ಜಗದೇವಿ ಹಿಂದಿನಿಂದ ಎಣಿಸುತ್ತಿದ್ದಳು,
ಹದಿನಾರರ ಮೇಲೆ ಎಣಿಕೆ ಬಾರದೆ ಮತ್ತೆ ಒಂದರಿಂದ.
ವೈಜಿನಾಥ ಇನ್ನೂ ಹುಟ್ಟಿರಲಿಲ್ಲ.

ಇವತ್ತು ಟೈಪು ಮಾಡಬೇಕಾದ ಕಾಗದ ನನ್ನದೇ.
ಸದರಿ ಮನೆಯ ಮೇಲೆ ನನಗಾಗಲಿ
ನನ್ನ ವಾರಸುದಾರರಿಗಾಗಲಿ ಯಾವುದೇ
ಯಾವುದೇ
ಮುಂದಿನ ಶಬ್ದ ಬೆರಳಿಗೆ ಬಾಯಿಪಾಠ.
ಆದರೂ ಬೆರಳು ನಿಂತಿತು.
ಪಕ್ಕದಲ್ಲಿ ಬಾಜಿ ಕೊಟ್ಟ ಹಾಳೆ:
ಬಿಟ್ಟ ಸ್ಥಳ ತುಂಬಿರಿ, ಹತ್ತು ಪ್ರಶ್ನೆ.
ಒಂಬತ್ತು ಮುಗಿದಿದ್ದವು, ಪುಸ್ತಕ, ಛತ್ರಿ, ಬೆಕ್ಕು.
ಹತ್ತನೆಯದು ಒಂದು ಗೆರೆ, ಗೆರೆಯ ಮುಂದೆ ಮನೆ.

ಪೆನ್ನಿನಲ್ಲೇ ಬರೆದೆ: ಮಾ.
ವೈಜಿನಾಥನ ಫೋನು ಎರಡು ಸಲ ಬಂತು.
ಸಂಜೆ ಬಾಜಿ ಹಾಳೆಯ ಮೇಲೆ ಬೆರಳಾಡಿಸಿ,
ಆರನೆಯದು ತಪ್ಪು, ಛತ್ರಿ ಗಂಡು ಅಂದರು.
ಹತ್ತನೆಯದು ಸರಿ.