ಬಾಗಿಲಿಗಿಂತ ಅಗಲ

ಅಯೋವಾದ ಮಾರ್ಚಿ. ಕರಗಲೋ ಬೇಡವೋ ಎನ್ನುವ ಹಿಮ.
ನೂರ ನಲವತ್ತು ವರ್ಷದ ಕಾಲೇಜಿನ ಮೆಟ್ಟಿಲ ಮೇಲೆ
ಹರಾಜಿನವನ ಮಡಚುವ ಮೇಜು, ಥರ್ಮಾಸಿನಲ್ಲಿ ಕಾಫಿ,
ಬಾಗಿಲಿಗೆ ಅಂಟಿಸಿದ ಪಟ್ಟಿ:
ಸೂಕ್ಷ್ಮದರ್ಶಕ ಒಂಬತ್ತು,
ಪಿಯಾನೊ ಮೂರು, ಒಂದಕ್ಕೆ ಕಾಲಿಲ್ಲ,
ಅಸ್ಥಿಪಂಜರ, ಟೋಪಿ ಸಮೇತ,
ಯುಗೋಸ್ಲಾವಿಯ ಇನ್ನೂ ಉಳಿದಿರುವ ಭೂಪಟ.

ನಾನು ಇಲ್ಲಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವವಳು.
ಹಗಲೆಲ್ಲ ಬೇರೆಯವರ ಸಕ್ಕರೆ, ಉಪ್ಪು, ಕಬ್ಬಿಣ ಎಣಿಸಿ
ಮಂಗಳವಾರ ಸಂಜೆ ಇಲ್ಲಿಗೆ ಬರುತ್ತಿದ್ದೆ.
ಒಂದು ಸಲಕ್ಕೆ ಒಂದೇ ವಿಷಯ. ಹನ್ನೊಂದು ವರ್ಷ.
ಐವತ್ತೊಂದಕ್ಕೆ ಪದವಿ.
"ಸಂಬಳ ಎಷ್ಟು ಏರಿತು?" ಭಾವ ಫೋನಿನಲ್ಲಿ ಕೇಳಿದರು.
"ಏರಲಿಲ್ಲ."
"ಮತ್ತೆ?"
ಆ ಮತ್ತೆಗೆ ಉತ್ತರ ಹುಡುಕುತ್ತ
ಇವತ್ತಿಗೂ ಪಾತ್ರೆ ತೊಳೆಯುತ್ತೇನೆ.

ಏನು ಕಲಿತೆ ಎಂದರೆ ಹೇಳುವಂಥದ್ದು ಕಡಿಮೆ.
ಗ್ರೀಕಿನ ಅಕ್ಷರ ಅರ್ಧ ಮರೆತಿದೆ.
ಪ್ರೊಫೆಸರ್ ಹಿಲ್ಡಾ ಬ್ರಾಂಡ್‌ವೋಲ್ಡ್ ಒಮ್ಮೆ
ಮೇಜಿನ ನಡುವೆ ಮಡಕೆಯ ಚೂರೊಂದನ್ನಿಟ್ಟು
"ಎರಡು ಗಂಟೆ ನೋಡಿ. ಆಮೇಲೆ ಮಾತು" ಎಂದು
ಕಿಟಕಿಯ ಬಳಿ ಕೂತು ಸ್ವೆಟರ್ ಹೆಣೆದರು.
ಹತ್ತು ನಿಮಿಷಕ್ಕೆ ನೋಡಿ ಮುಗಿಯಿತು ನನಗೆ.
ಇಪ್ಪತ್ತಕ್ಕೆ ಸಿಟ್ಟು. ಮುಕ್ಕಾಲು ಗಂಟೆಗೆ ಹಸಿವು.
ಆಮೇಲೆ, ಒಳಮೈಯಲ್ಲಿ, ಅಂಚಿನ ಕೆಳಗೆ
ಯಾರದೋ ಹೆಬ್ಬೆರಳ ಗುರುತು:
ಹಸಿ ಮಣ್ಣಿಗೆ ಒತ್ತಿದ್ದು, ಒಣಗುವ ಮೊದಲು ಅಳಿಸಲು ಮರೆತದ್ದು.
ನನ್ನ ಹೆಬ್ಬೆರಳು ಅದರೊಳಗೆ ಕೂರಲಿಲ್ಲ.
ಅವಳದು ಚಿಕ್ಕದು, ಎಂದೆ.
ಅವಳು ಎಂದದ್ದಕ್ಕೆ ಎದುರಿನ ಹುಡುಗ ತಗಾದೆ ತೆಗೆದ:
ಹೆಂಗಸೆಂದು ಹೇಗೆ ಗೊತ್ತು? ಮಗುವಿರಬಹುದಲ್ಲ?
ಗೊತ್ತಿಲ್ಲ, ಎಂದೆ.
ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಬಾಯಿಗೆ ಬಾರದಿದ್ದ ಮಾತು.
ಹಿಲ್ಡಾ ಹೆಣಿಗೆಯಿಂದ ತಲೆ ಎತ್ತಿ
ಮೊದಲ ಸಲ ನಕ್ಕರು.

ಹರಾಜು ಸಾಗಿದೆ.
ಅಸ್ಥಿಪಂಜರ ದಂತವೈದ್ಯನ ಪಾಲಿಗೆ, ಮೂವತ್ತೈದು ಡಾಲರ್.
ಕಪ್ಪುಹಲಗೆಗಳು ಹೋಟೆಲಿನವಳಿಗೆ, ಮೆನು ಬರೆಯಲು;
ಒಂದರ ಮೇಲೆ ಅರ್ಧ ಸಾಧಿಸಿದ ಪ್ರಮೇಯ ಹಾಗೇ ಇತ್ತು.
ತೋಳಿನಿಂದ ಒರೆಸಲು ಹೋದವಳು, ಯಾಕೋ, ಬಿಟ್ಟಳು.
ಕೊನೆಗೆ ಮಹಡಿಯ ಮೇಜು. ಅಂಡಾಕಾರ, ಓಕ್ ಮರ,
ಹದಿನಾಲ್ಕು ಜನ ಸುತ್ತ ಕೂತು ಜಗಳವಾಡಿದ್ದು.
ಬಡಗಿ ಅದನ್ನು ಕೋಣೆಯೊಳಗೇ ಕಟ್ಟಿದ್ದನಂತೆ,
ಬಾಗಿಲಿಗಿಂತ ಅಗಲ. ಕೊಯ್ಯದೆ ಹೊರಗೆ ಬಾರದು.
"ಗರಗಸ ನಿಮ್ಮದೇ," ಎಂದ ಹರಾಜಿನವನು.
"ಐವತ್ತು? ಇಪ್ಪತ್ತು?
ಸೌದೆಯ ಬೆಲೆಯನ್ನಾದರೂ ಹೇಳಿ ಮಾರಾಯರೇ!"

"ಇನ್ನೂರು."
ಆರ್ವಿಡ್ ಟ್ವೆಟ್. ಎರಡು ಸಾವಿರ ಹಂದಿಗಳ ಒಡೆಯ,
ಬೂಟಿಗೆ ಸಾಕ್ಷಿ ಮೆತ್ತಿದೆ.
ಎಪ್ಪತ್ತೊಂದರ ತಂಡದಲ್ಲಿ ತತ್ತ್ವಶಾಸ್ತ್ರ ಓದಿದವನೆಂದು
ಊರಿಗೆ ಗೊತ್ತಿರಲಿಲ್ಲ; ಹಂದಿಗಳಿಗೆ ಗೊತ್ತಿತ್ತೋ ಏನೋ.
ಒಂದು ಸಲ. ಎರಡು ಸಲ. ಮೂರು ಸಲ.
"ಯಾವಾಗ ಕೊಯ್ದು ಒಯ್ಯುತ್ತೀರಿ?"
"ಒಯ್ಯುವುದಿಲ್ಲ."
"ಜೂನಿಗೆ ಕಟ್ಟಡ ಉರುಳುತ್ತದೆ."
"ಜೂನಿಗೆ ಇನ್ನೂ ಹನ್ನೆರಡು ಮಂಗಳವಾರ ಇವೆ."

ಮೊದಲ ಮಂಗಳವಾರ ಬಂದವರು ಏಳು ಜನ.
ಹೀಟರ್ ಕಿತ್ತಾಗಿತ್ತು. ಕೋಟು ಬಿಚ್ಚದೆ ಕೂತೆವು.
ಬಾಯಿಂದ ಹೊರಟ ವಾದ ಹಬೆಯಾಗಿ
ಎದುರಿನವರ ತನಕ ಹೋಗಿ ಕಾಣೆಯಾಗುತ್ತಿತ್ತು.
ಯಾರೂ ನೋಡದಿದ್ದಾಗಲೂ ಒಳ್ಳೆಯವರಾಗಿರಬೇಕೆ?
ಬೇಕು ಎಂದಳು ಹೋಟೆಲಿನವಳು, ಬೇಡ ಎಂದ ದಂತವೈದ್ಯ,
ಒಂಬತ್ತು ಹೊಡೆಯುವಷ್ಟರಲ್ಲಿ
ಇಬ್ಬರೂ ಪಕ್ಷ ಬದಲಿಸಿದ್ದರು.
ಹಿಲ್ಡಾ ಕಿವಿಯ ಯಂತ್ರ ತಿರುವಿಕೊಂಡರು.
ಭಾವನಿಗೆ ಹೇಳಬೇಕಾದ ಉತ್ತರ ಇದ್ದಕ್ಕಿದ್ದಂತೆ
ಹೊಳೆದಂತಾಗಿ ಬಾಯಿ ತೆರೆದೆ.
"ಒಪ್ಪುವುದಿಲ್ಲ," ಎಂದ ಆರ್ವಿಡ್,
ನಾನಿನ್ನೂ ಏನೂ ಹೇಳಿರಲಿಲ್ಲ,
ಕುರ್ಚಿಯನ್ನು ಹತ್ತಿರ ಎಳೆದುಕೊಂಡ.